ಜೋಡಿ ಅಚ್ಚಿನ ಐದು ರೂಪಾಯಿ

ಕಿರುಗಾವಲು
9 ಫೆಬ್ರವರಿ 2025

ಕೆಂಪರಾಜು ಅವರಿಗೆ,

ಜೈಭೀಮ್. ನಿಮ್ಮ ಮೆಸೇಜುಗಳಿಗೆ ಉತ್ತರ ಕೊಡದೆ ತಡಮಾಡಿದ್ದೇನೆ. ಅದಕ್ಕೆ ಕ್ಷಮೆ ಕೇಳುವ ಮನಸ್ಸಿಲ್ಲ. ಫೋನಿನಲ್ಲಾದರೆ ಗಂಡನೆಂದು ನೀವು ನಡುವೆ ಬಾಯಿ ಹಾಕುತ್ತೀರಿ. ಕಾಗದದಲ್ಲಿ ನನ್ನ ಮಾತು ಮುಗಿಯುವ ತನಕ ಸುಮ್ಮನಿರಲೇಬೇಕು. ನಾನು ಅವ್ವನ ಮನೆಯಿಂದಲೇ ಮಳವಳ್ಳಿಯ ಶಾಲೆಗೆ ಪಾಠಕ್ಕೆ ಹೋಗಿಬರುತ್ತಿದ್ದೇನೆ.

"ನಾಣ್ಯ ಸಿಕ್ತಾ?" ಎಂದು ಕೇಳಿದ್ದೀರಿ. ಅವ್ವನ ಬಗ್ಗೆ ಒಂದು ಮಾತಿಲ್ಲ. ಸಿಕ್ಕಿದೆ.

ಎಲ್ಲಿ ಎಂದು ಹೇಳುವ ಮೊದಲು ಆ ಭಾನುವಾರವನ್ನು ನೆನಪಿಸುತ್ತೇನೆ. ಪೆಟ್ರೋಲ್ ಬಂಕಿನಿಂದ ತಂದ ಚಿಲ್ಲರೆಯನ್ನು ಚಾಪೆಯ ಮೇಲೆ ಸುರಿದುಕೊಂಡು ಕೂತಿದ್ದಿರಿ. ಟಂಕಸಾಲೆಯ ತಪ್ಪು ಹುಡುಕುವುದೆಂದರೆ ನಿಮಗೆ ಊಟವೂ ಬೇಡ. ಒಂದು ಐದು ರೂಪಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ ಕೂಗಿದಿರಿ: "ಸುನಿ, ಅಕ್ಸರ ಎಲ್ಡೆಲ್ಡು ಸಲ ಮೂಡವೆ ಕಣೇ!" ನಾನೂ ಖುಷಿಪಟ್ಟೆ. ಸಂಜೆ ನೋಡಿದರೆ ಅದು ಇಲ್ಲ. ಹಿಂದಿನ ದಿನ ಬಂದಿದ್ದ ಅವ್ವ ಮಧ್ಯಾಹ್ನ ಅದೇ ಚಾಪೆಯ ತುದಿಯಲ್ಲಿ ಮಲಗಿ ಎದ್ದಿದ್ದಳು.

"ನಾನು ತಗಂಡಿಲ್ಲ, ನೀನು ತಗಂಡಿಲ್ಲ. ಇನ್ಯಾರವ್ರೆ ಮನೇಲಿ?" ಎಂದಿರಿ. ಪಕ್ಕದ ಮನೆಯ ಮಂಚಮ್ಮ ಬಾಗಿಲಲ್ಲೇ ನಿಂತಿದ್ದರು. ಅವರೆದುರೇ ಅವ್ವನ ಎಲೆಅಡಿಕೆ ಚೀಲ ಕಿತ್ತುಕೊಂಡು ನೆಲಕ್ಕೆ ಕೊಡವಿದಿರಿ. ಅವ್ವ ತಾನೇ ಸೆರಗಿನ ಗಂಟು ಬಿಚ್ಚಿದಳು. "ಇದ್ನೂ ನೋಡ್ಕಳಪ್ಪ. ನನ್ತಾವ ಇನ್ನೇನೈತೆ?"

ನೀವು ನೋಡಿದಿರಿ. ಬೇಡ ಅತ್ತೆ, ಎನ್ನಲಿಲ್ಲ.

ಮಾರನೆಯ ಬೆಳಿಗ್ಗೆಯೇ ಅವ್ವ ಹೊರಟಳು. ಹಿಂದೆಯೇ ನಾನೂ.

ಕಳೆದ ವಾರ ನೀವು ಆಫೀಸಿನಲ್ಲಿದ್ದಾಗ ಬಟ್ಟೆ ತರಲು ಮಂಡ್ಯಕ್ಕೆ ಬಂದಿದ್ದೆ. ನಿಮ್ಮ ಭೂತಗನ್ನಡಿಯ ಚೀಲದ ಒಳಹೊಲಿಗೆ ಬಿಟ್ಟಿದೆ. ನಾಣ್ಯ ಅದರೊಳಗೆ ಜಾರಿ ಕೂತಿತ್ತು. ಅಲ್ಲಿಟ್ಟ ಕೈ ನಿಮ್ಮದೇ.

ಅದನ್ನು ಹಳೆ ನಾಣ್ಯ ಕೊಳ್ಳುವ ದೊಡ್ಡಸಿದ್ದಯ್ಯನವರ ಅಂಗಡಿಗೆ ಒಯ್ದೆ. "ಒತ್ತುವಾಗ ಅಚ್ಚು ಅದುರಿದ್ರೆ ಎಲ್ಡನೇ ಅಕ್ಸರ ಚಪ್ಪಟೆಯಾಗಿ ಸವರ್ದಂಗಿರ್ತದೆ. ಅಂಥವು ಬೇಕಾದಷ್ಟು ಸಿಕ್ತವೆ, ಬೆಲೆಯಿಲ್ಲ" ಎಂದು ಅವರು ನಾಣ್ಯವನ್ನು ಬೆಳಕಿಗೆ ಓರೆ ಮಾಡಿದರು. "ಇದ್ರಲ್ಲಿ ಎಲ್ಡೂ ಉಬ್ಬವೆ, ತುದಿ ಸೀಳವೆ ನೋಡಮ್ಮ. ಅಚ್ಚಲ್ಲೇ ಜೋಡಿ ಬಿದ್ದಿರೋದು. ಈಗ್ಲೇ ನಾಲ್ಕು ಸಾವ್ರ ಕೊಡ್ತೀನಿ." ನಾಣ್ಯದ ವಿಷಯದಲ್ಲಿ ನೀವು ತಪ್ಪಿರಲಿಲ್ಲ.

ಕೊಡಲಿಲ್ಲ. ಕಿರುಗಾವಲಿನಲ್ಲಿ ಬಸ್ಸಿಳಿದವಳೇ ಪೆಟ್ಟಿಗೆ ಅಂಗಡಿಯಲ್ಲಿ ಅದನ್ನು ಕೊಟ್ಟು ಅವ್ವನಿಗೆ ವೀಳ್ಯದೆಲೆ ತಗೊಂಡೆ. ಅಂಗಡಿಯವನು ಕಣ್ಣೆತ್ತಿಯೂ ನೋಡದೆ ಡಬ್ಬಕ್ಕೆ ಎಸೆದ. ಬಹಳ ದಿನಗಳ ಮೇಲೆ ನನಗೆ ಹಾಯೆನಿಸಿತು. ಈಗ ಅದು ಯಾರ ಜೇಬಿನಲ್ಲಿದೆಯೋ. ಮಂಡ್ಯ, ಮದ್ದೂರು, ಮಳವಳ್ಳಿಯ ಚಿಲ್ಲರೆಯನ್ನೆಲ್ಲ ಸುರಿದುಕೊಂಡು ಹುಡುಕಿ. ಇನ್ನೊಬ್ಬರ ಸೆರಗಿನ ಗಂಟಿಗೆ ಮಾತ್ರ ಹೋಗಬೇಡಿ.

ನನ್ನನ್ನು ಕರೆಯಲು ಬರಬೇಡಿ. ಬಂದರೆ ನಾಣ್ಯ ಕೇಳಲು ಬಂದಿರೆಂದೇ ತಿಳಿಯುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಆರೋಗ್ಯವಾಗಿರಿ. ಹೀಗೆ ಬರೆಯುವ ಅಭ್ಯಾಸ ಇನ್ನೂ ಬಿಟ್ಟಿಲ್ಲ, ಅದಕ್ಕೆ ಬರೆದೆ.

ಸುನಿತಾ

ವಿ.ಸೂ.: ಅವ್ವ ಯಾಕೆ ಬಂದಿದ್ದಳೆಂದು ನೀವು ಕೇಳಲೇ ಇಲ್ಲ. ಆ ಸೋಮವಾರ ಅವಳ ಕಣ್ಣಿನ ಆಪರೇಷನ್ ಇತ್ತು. "ಅಳಿಯಂಗೆ ಮೊದ್ಲೇ ಯೋಳಬ್ಯಾಡ, ಕರ್ಚಿಗೆ ಕೇಳಕ್ಕೆ ಬಂದ್ಲು ಅನ್ಕಂಡಾನು" ಎಂದು ನನ್ನ ಬಾಯಿ ಕಟ್ಟಿದ್ದಳು. ಮಾಡಿಸಿಕೊಳ್ಳದೆ ವಾಪಸಾದಳು. ಈಗ ಎಷ್ಟು ಬೇಡಿಕೊಂಡರೂ ಆಸ್ಪತ್ರೆಗೆ ಬರಲೊಲ್ಲಳು. ನೀವು ಭೂತಗನ್ನಡಿ ಹಿಡಿದು ಕಂಡದ್ದನ್ನು ಅವಳು ಯಾವ ಕಣ್ಣಿನಿಂದ ಕಂಡು ಕದ್ದಳು? ನಿನ್ನೆ ನಾನು ಶಾಲೆಯಿಂದ ಬಂದು ಎದುರಿಗೆ ನಿಂತರೆ, "ಯಾರವ್ವ ನೀನು?" ಎಂದು ನನ್ನನ್ನೇ ಕೇಳಿದಳು.