ದುಂಡನೆಯ ಬಳೆ

ಮಾನ್ಯ ಮುಖ್ಯಸ್ಥರಿಗೆ,

ಗೆಲಾಕ್ಸಿಗಳು ಡಿಕ್ಕಿ ಹೊಡೆದು ಉಂಗುರಗಳಾಗುವ ಬಗ್ಗೆ, ಅಂಥ ನಲವತ್ತು ಉಂಗುರಗಳ ಚಿತ್ರಗಳೊಂದಿಗೆ ನೀವು ಬರೆದ ಪ್ರಬಂಧ ನೋಡಿದೆ. ಒಂಬತ್ತು ವರ್ಷ ನಿಮ್ಮ ದೂರದರ್ಶಕದ ಚಿತ್ರಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಆ ಉಂಗುರಗಳನ್ನು ಆರಿಸಿದವಳು ನಾನು. ನಾನಿಟ್ಟ ‘ಬಳೆ’ ಎಂಬ ಅಡ್ಡಹೆಸರೂ ಅದರಲ್ಲಿದೆ, ನನ್ನ ಹೆಸರಿಲ್ಲ. ಕೇಳಿದರೆ, “ಅದು ಬರೀ ಕಣ್ಣಿನ ಕೆಲಸ ಕಣಮ್ಮ, ತಲೆ ಓಡಿಸೋದೇನಿದೆ ಅದ್ರಲ್ಲಿ?” ಅಂದಿರಿ.

ಸರಿ. ಪತ್ರಿಕೆಯ ಮುಖಪುಟದಲ್ಲಿ ಮೆರೆಯುತ್ತಿರುವ ಆ ದುಂಡನೆಯ ಬಳೆ ಗೆಲಾಕ್ಸಿಯೇ ಅಲ್ಲ, ಕ್ಯಾಮೆರಾ ಗಾಜಿಗೆ ಅಂಟಿದ ಧೂಳು. ‘ಇದನ್ನು ಬಿಡಿ’ ಎಂದು ಚೀಟಿ ಅಂಟಿಸಿದ್ದೆ. ನೀವು ಚೀಟಿ ಕಿತ್ತೆಸೆದು ಚಿತ್ರ ಇಟ್ಟುಕೊಂಡಿರಿ.

ದಯವಿಟ್ಟು ತಿದ್ದುಪಡಿಯಲ್ಲಿ ನಲವತ್ತನ್ನು ಮೂವತ್ತೊಂಬತ್ತು ಮಾಡಿ. ಆ ಮೂವತ್ತೊಂಬತ್ತೂ ನನ್ನವು ಎಂದು ಬರೆಯಿರಿ. ಧೂಳು ಮಾತ್ರ ನಿಮ್ಮ ಸ್ವಂತ ಶೋಧ.

ಇತಿ,
ಬರೀ ಕಣ್ಣು