ಕೆಂಪರಾಜ್ ಮೇಷ್ಟ್ರ ಪೀರಿಯಡ್

೨೧ ಮೇ ೨೦೦೪, ಶುಕ್ರವಾರ

ನಮ್ಮ ಶಾಲೆಯ ಗಂಗಾಳಿಗೆ ಗಣಿತದಲ್ಲಿ ಇಪ್ಪತ್ತೊಂಬತ್ತು. ಪಾಸಾಗಲು ಇನ್ನು ಆರೇ ಆರು ಅಂಕ ಬೇಕಿತ್ತು. ಬೆಳಿಗ್ಗೆಯಿಂದ ಅದೇ ತಲೆ ಕೊರೆಯುತ್ತಿದೆ.

ಗಂಗಾಳನ್ನು ಕರೆದುಕೊಂಡು ಕಾಲೇಜಿಗೆ ಹೋಗಿದ್ದೆ. ಎಂಟುನೂರು ಮೀಟರ್ ಓಟದಲ್ಲಿ ರಾಜ್ಯಕ್ಕೇ ಎರಡನೆಯವಳು ಎಂದಾಗ ಅಲ್ಲಿಯ ಕ್ರೀಡಾ ನಿರ್ದೇಶಕರು ಎದ್ದು ಕುರ್ಚಿ ಕೊಟ್ಟರು. ಅಂಕಪಟ್ಟಿ ನೋಡಿ ಮೆತ್ತಗಾದರು.

"ಸ್ಪೋರ್ಟ್ಸ್ ಕೋಟಾ ಆದ್ರೂ ಎಸ್ಸೆಸ್ಸೆಲ್ಸಿ ಪಾಸಾಗಿರ್ಲೇಬೇಕು ಮೇಡಂ. ಜೂನಲ್ಲಿ ಮತ್ತೆ ಬರೀಲಿ, ಸೀಟು ಇಟ್ಟಿರ್ತೀನಿ."

ಒಳ್ಳೆಯ ಮನುಷ್ಯ. ತಪ್ಪು ನನ್ನದು.

ಆಟದ ಪೀರಿಯಡ್ ಕಿತ್ತುಕೊಳ್ಳುವ ಮೇಷ್ಟ್ರುಗಳ ಜೊತೆ ಹತ್ತು ವರ್ಷ ಜಗಳವಾಡಿದ ಪಿ.ಟಿ. ಮಿಸ್ ನಾನು. ಈ ವರ್ಷ ಸೇಡು ತೀರಿಸಿಕೊಳ್ಳುವವಳ ಹಾಗೆ, ಗಣಿತದ ಕೆಂಪರಾಜ್ ಮೇಷ್ಟ್ರ ಪೀರಿಯಡ್ಡಿನಿಂದ ದಿನಾ ಗಂಗಾಳನ್ನು ಎಬ್ಬಿಸಿ ಮೈದಾನಕ್ಕೆ ಕರೆದೊಯ್ದೆ. ಅವರು ತಡೆದಾಗ "ಮೆಡಲ್ ಬಂದ್ರೆ ಸ್ಕೂಲಿಗೇ ಹೆಸ್ರು ಸಾರ್" ಎಂದು ಬಾಯಿ ಮುಚ್ಚಿಸಿದೆ.

ತಿಪ್ಪಸಂದ್ರಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ಗಂಗಾಳಿಗೆ ಇದನ್ನೇ ಹೇಳಿ, ಬೈಯಲಿ ಎಂದು ಕಾದೆ.

"ಇಲ್ಲ ಮಿಸ್, ಲೆಕ್ಕಕ್ಕೆ ಹೆದ್ರಿ ನಾನೇ ನಿಮ್ಮ ದಾರಿ ಕಾಯ್ತಿದ್ದೆ" ಎಂದಳು.

ನನ್ನ ಸಮಾಧಾನಕ್ಕೆ ಹೇಳಿದಳೋ, ನಿಜವೋ. ನಿಜವಾದರೆ ಇನ್ನೂ ಸಂಕಟ.

ಸಂಜೆ ಮೇಷ್ಟ್ರ ಮನೆಗೆ ಹೋದೆ. ಪಾಠ ಹೇಳಿಕೊಡಿ ಎಂದೆ. ಅವರು ಹಂಗಿಸಲಿಲ್ಲ. "ಎಷ್ಟೊತ್ತಿಗೆ ಕಳಿಸ್ತೀರಿ?" ಎಂದಷ್ಟೇ ಕೇಳಿದರು. ಬೆಳಿಗ್ಗೆ ಆರಕ್ಕೆ ಎಂದೆ. ಅದು ನಮ್ಮ ಓಟದ ಹೊತ್ತು ಎಂದು ಅವರಿಗೂ ಗೊತ್ತು.

ಸ್ಟಾಪ್‌ವಾಚನ್ನು ಬೀರುವಿನೊಳಗೆ ಇಟ್ಟಾಯಿತು. ಐದಕ್ಕೆ ಎಚ್ಚರವಂತೂ ಆಗಿಯೇ ಆಗುತ್ತದೆ.