ಅತ್ತೆ ಕೇಳುತ್ತಿದ್ದ ಮಾತು

ಕಲಬಾಹಿ, ಅಲೋರ್ ದ್ವೀಪ

ಮಾರ್ಥೆನ್ ಅವರಿಗೆ ಸುಮಿಯಾತಿಯ ನಮಸ್ಕಾರ.

ಅತ್ತೆ ತೀರಿಕೊಂಡ ತಂತಿ ನಿಮ್ಮ ಹಡಗಿಗೆ ತಲುಪಿರಬೇಕು. ಗುರುವಾರ ಮಣ್ಣು ಮಾಡಿದೆವು. ಹೊರಗಿನಿಂದ ಬಂದ ಪಾದ್ರಿಗಳು ಇಂಡೋನೇಷ್ಯನ್ ಭಾಷೆಯಲ್ಲೇ ಪ್ರಾರ್ಥಿಸಿದರು.

ಲಕ್ವ ಹೊಡೆದ ಮೇಲೆ ಅತ್ತೆಗೆ ಆ ಭಾಷೆ ಪೂರ್ತಿ ಮರೆತುಹೋಯಿತು. ನಾವಿಬ್ಬರೂ ಇಷ್ಟು ವರ್ಷ ಅದರಲ್ಲೇ ಮಾತಾಡಿಕೊಂಡು, ಜಗಳವಾಡಿಕೊಂಡು ಇದ್ದೆವು. ಅವರಿಗೆ ಉಳಿದದ್ದು ನಿಮ್ಮ ಬೆಟ್ಟದ ಅಬುಯಿ ಮಾತು ಮಾತ್ರ; ಜಾವಾದವಳಾದ ನನಗೆ ಅದು ಬಾರದು.

ಗಂಜಿ ಕುಡಿಸುವಾಗಲೆಲ್ಲ ನನ್ನ ಕೈ ಹಿಡಿದು ಏನೋ ಕೇಳುತ್ತಿದ್ದರು. ನೀರು ಕೊಟ್ಟೆ, ಹೊದಿಸಿದೆ, ಮಗ್ಗುಲು ಬದಲಿಸಿದೆ. ಯಾವುದೂ ಅಲ್ಲವೆಂದು ಅಳುತ್ತಿದ್ದರು. ಕೊನೆಗೆ ಪಕ್ಕದ ಮನೆಯ ಓರ್ಪಾ ಚಿಕ್ಕಮ್ಮನನ್ನು ಕರೆತಂದೆ.

"ಅಯ್ಯೋ ಹುಚ್ಚಿ! 'ಬಸುರಿ ಹೆಂಗಸು, ನೀನು ಉಂಡ್ಯಾ?' ಅಂತ ಕೇಳ್ತಿದಾಳೆ ಕಣೇ," ಎಂದರು ಅವರು.

"ಇನ್ನೂ ಇಲ್ಲ ಅಂತ ಹೇಳಿ, ಚಿಕ್ಕಮ್ಮಾ."

ಅದನ್ನು ಕೇಳಿ ಅತ್ತೆ ತಮ್ಮ ಗಂಜಿಯ ಬಟ್ಟಲನ್ನೇ ನನ್ನತ್ತ ನೂಕಿದರು. ನಾನು ಅಲ್ಲೇ ಕುಳಿತು ಕುಡಿದೆ. ಬಟ್ಟಲು ಬರಿದಾಗುವವರೆಗೂ ನೋಡುತ್ತಿದ್ದು, ಆಮೇಲೆ ಕಣ್ಣು ಮುಚ್ಚಿದರು. ಮತ್ತೆ ಏಳಲಿಲ್ಲ.

ಹೆರಿಗೆಗೆ ಹೇಗಾದರೂ ರಜೆ ಕೇಳಿಕೊಂಡು ಬನ್ನಿ. ಮಗುವಿನ ಜೊತೆ ಅಬುಯಿಯಲ್ಲಿ ಮಾತಾಡಲು ಈ ಮನೆಯಲ್ಲಿ ಇನ್ನು ನೀವೊಬ್ಬರೇ.

ನಿಮ್ಮ ದಾರಿ ನೋಡುತ್ತಿರುವ,
ಸುಮಿಯಾತಿ